ನರ್ಸಬಾಯಿಯ ಕ್ಯಾರಿಯರ್

ಮೊನ್ನೆ ಬೀದರದ ಚರ್ಚಿನಲ್ಲಿ ಆಕೆಯ ನೆನಪಿಗೊಂದು ಸಭೆ ಇಟ್ಟುಕೊಂಡಿದ್ದರು. ಭಾಲ್ಕಿಯಿಂದ ನನ್ನನ್ನೂ ಕರೆಸಿದ್ದರು. ವಯಸ್ಸಾದ ಮೇಲೆ ಮನುಷ್ಯನಿಗೆ ಬೇರೇನೂ ಸಿಗದಿದ್ದರೂ ಇಂಥ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಯಂತೂ ಸಿಗುತ್ತದೆ. ಕಾರ್ಯಕ್ರಮ ನಡೆಸುತ್ತಿದ್ದ ತರುಣ ಮಾಸ್ತರರು ಮೈಕಿನ ಮುಂದೆ ನಿಂತು, “ಹೈದರಾಬಾದ್ ರಾಜ್ಯದ ಆ ಕಷ್ಟದ ದಿನಗಳಲ್ಲಿ ನಮ್ಮ ನರ್ಸಬಾಯಿಯವರಿಗೆ ರಕ್ಷಕರಾಗಿ ಹಳ್ಳಿಹಳ್ಳಿ ತಿರುಗಿದ ಹಿರಿಯರು ಈಗ ಎರಡು ಮಾತು ಆಡುತ್ತಾರೆ” ಎಂದರು. ರಕ್ಷಕ! ಎದ್ದು ನಿಂತವನು ಕೆಮ್ಮಿದೆ, “ದೊಡ್ಡ ಹೆಣ್ಣುಮಗಳು” ಎಂದೆ, ಕೂತುಬಿಟ್ಟೆ. ದುಃಖದಿಂದ ಗಂಟಲು ಕಟ್ಟಿತೆಂದು ಜನ ತಿಳಿದರು. ನಿಜಕ್ಕೂ ನಾನು ನಗು ತಡೆಯಲು ಹೆಣಗುತ್ತಿದ್ದೆ. ಅಳು ಬಂದದ್ದು ಭಾಲ್ಕಿಗೆ ಮರಳಿ ಬಾಗಿಲು ಹಾಕಿಕೊಂಡ ಮೇಲೆ.

ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆಯ ಹೆಸರು ಬರೆಯುವುದಿಲ್ಲ. ಔರಾದದ ಕಡೆಯ ಹಳ್ಳಿಗಳಲ್ಲಿ ಆ ಹೆಸರು ಹಿಡಿದು ಕೇಳಿದ್ದರೆ ಆಗಲೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನರ್ಸಬಾಯಿ ಎಂದರೆ ಮಾತ್ರ ಬಾಗಿಲು ತೆರೆಯುತ್ತಿದ್ದವು.

ಮೊದಲು ಈ ರಕ್ಷಕನ ಪರಿಚಯ ಆಗಿಬಿಡಲಿ. ನಾನು ಬೀದರದ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನೌಕರಿಗೆ ಸೇರಿದ್ದು ನಿಜಾಮರ ಸರ್ಕಾರದಲ್ಲಿ, ಮೊದಲ ಪಗಾರ ತೆಗೆದುಕೊಂಡದ್ದು ಮಿಲಿಟರಿ ಸರ್ಕಾರದಲ್ಲಿ. ನಡುವೆ ಪೊಲೀಸ್ ಆಕ್ಷನ್ ಆಗಿ, ಭಾರತದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿದಿತ್ತು. ನೌಕರಿಗೆಂದು ಹೊಲಿಸಿದ ಹೊಸ ಶೇರವಾನಿಗೆ ಗುಂಡಿ ಹಚ್ಚುವಷ್ಟರಲ್ಲಿ ರಾಜ್ಯವೇ ಬದಲಾಗಿತ್ತು. ರೂಮಿ ಟೋಪಿ ಹಾಕಿಕೊಳ್ಳಬೇಕೋ ಗಾಂಧಿ ಟೋಪಿ ಹಾಕಿಕೊಳ್ಳಬೇಕೋ ತಿಳಿಯದೆ ಬಹಳ ದಿನ ಬರಿದಲೆಯಲ್ಲೇ ಓಡಾಡಿದೆ. ಕೇಳಿದವರಿಗೆ ತಲೆಗೆ ಗಾಳಿ ಬೇಕೆಂದು ವೈದ್ಯರು ಹೇಳಿದ್ದಾರೆ ಎನ್ನುತ್ತಿದ್ದೆ.

ನನ್ನ ಬಳಿ ಒಂದು ಹಳೆಯ ವಿಲಾಯತಿ ಸೈಕಲ್ ಇತ್ತು. ನೌಬಾದದ ಬಾಡಿಗೆ ಕೋಣೆಯಿಂದ ಕಚೇರಿಗೆ ಅದರ ಮೇಲೆಯೇ ಬರುತ್ತಿದ್ದೆ. ಗಾಳಿ ಬೆನ್ನಿಗಿದ್ದ ದಿನ ಬೇಗ ಮುಟ್ಟುತ್ತಿದ್ದೆ, ಗಾಳಿ ಎದುರಿಗಿದ್ದ ದಿನ ಹೊಟ್ಟೆನೋವೆಂದು ರಜೆ ಹಾಕುತ್ತಿದ್ದೆ. ಆದರೂ ಬೀದರದಲ್ಲಿ ನನ್ನಷ್ಟು ಜೋರು ಸೈಕಲ್ ಹೊಡೆಯುವವನು ಇಲ್ಲವೆಂದು ಚಹಾದಂಗಡಿಯಲ್ಲಿ ಹೇಳಿ ಹೇಳಿ, ಕೇಳುವವರು ನಂಬದಿದ್ದರೂ ನಾನು ನಂಬಿಬಿಟ್ಟಿದ್ದೆ. ಇಂಥ ನಂಬಿಕೆಯಿಂದ ಆಗುವ ಅನಾಹುತ ಮುಂದೆ ಬರುತ್ತದೆ.

ನರ್ಸಬಾಯಿ ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಜನವಾಡದ ಆಚೆಯ ಒಂದು ಹಳ್ಳಿಯವಳು. ಕುರಿ ಕಾಯುವ ಮನೆತನ. ಅಜ್ಜನ ಕಾಲಕ್ಕೆ ಮಿಷನ್ನಿನವರ ಚರ್ಚು ಸೇರಿದ್ದರು. ಮಿಷನ್ ಆಸ್ಪತ್ರೆಯಲ್ಲಿ ಕಲಿತು, ಸರ್ಕಾರದ ಹೆರಿಗೆ ನರ್ಸಾಗಿ ಬಂದಿದ್ದಳು. ಗಿಡ್ಡ ಆಳು, ಅಗಲವಾದ ಮುಂಗೈ, ನೆಲಕ್ಕೆ ಮೊಳೆ ಹೊಡೆದಂತೆ ನಿಲ್ಲುವ ಕಾಲು. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಆ ಬಗ್ಗೆ ಆಕೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಿಳಿ ಸೀರೆಯನ್ನು ಹಳ್ಳಿಯ ಹೆಂಗಸರಂತೆ ಕಚ್ಚೆ ಹಾಕಿ ಉಡುತ್ತಿದ್ದಳು. ಸೈಕಲ್ ಏರುವ ಮುಂಚೆ ಸೀಟಿಗೊಂದು ಏಟು ಹಾಕುವಳು, ಎತ್ತಿನ ಬೆನ್ನು ತಟ್ಟಿದ ಹಾಗೆ. ಯಾರ ಮನೆಗೆ ಹೋದರೂ ನಮಸ್ಕಾರ ಗಿಮಸ್ಕಾರ ಇಲ್ಲ. ಹೊಸ್ತಿಲಲ್ಲೇ ಮೊದಲ ಮಾತು, “ನೀರ ಕಾಯಿಸೀರೇನು?”

ಆಕೆ ಸೈಕಲ್ ಕಲಿತದ್ದು ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ. ಆ ದಿನಗಳ ಬಗ್ಗೆ ನಮ್ಮ ಕಡೆ ಯಾರೂ ಪೂರ್ತಿ ಮಾತಾಡುವುದಿಲ್ಲ. ಮೊದಲು ನಿಜಾಮರ ಕಡೆಯ ರಜಾಕಾರರಿಗೆ ಹೆದರಿ ಒಂದಷ್ಟು ಜನ ಜೋಳದ ಹೊಲ ಸೇರಿದರು. ಪೊಲೀಸ್ ಆಕ್ಷನ್ ಆದ ಮೇಲೆ ಸೇಡಿಗೆ ಹೆದರಿ ಇನ್ನೊಂದಷ್ಟು ಜನ ಅದೇ ಹೊಲ ಸೇರಿದರು. ಬಸುರಿಯರು ಎರಡೂ ಕಡೆ ಇದ್ದರು. ಟಾಂಗಾ ನಿಂತಿದ್ದವು, ಬಂಡಿ ಹೂಡಲು ಆಳಿರಲಿಲ್ಲ. ಆಸ್ಪತ್ರೆಯ ಕಂಪೌಂಡರ್ ಸೈಕಲ್ಲನ್ನು ಗೋಡೆಗೆ ಆನಿಸಿಟ್ಟು ಊರು ಬಿಟ್ಟಿದ್ದ. ಆಕೆ ಅದನ್ನೇ ಹಿಡಿದು, ಆಸ್ಪತ್ರೆಯ ಅಂಗಳದಲ್ಲಿ ಬಿದ್ದು ಎದ್ದು ಕಲಿತು, ಹೊಲಗಳ ಕಡೆ ಹೊರಟಳು. ಯಾವ ಜಾತಿ, ಯಾವ ಧರ್ಮ ಎಂದು ಆಕೆ ಕೇಳಲಿಲ್ಲ. ಹೆಂಗಸು ಸೈಕಲ್ ಹೊಡೆಯಬಹುದೇ ಎಂದು ಆಕೆಯನ್ನೂ ಯಾರೂ ಕೇಳಲಿಲ್ಲ. ಆಗ ನಾನೆಲ್ಲಿದ್ದೆ ಎಂದು ಕೇಳುತ್ತೀರಾದರೆ, ಭಾಲ್ಕಿಯ ನಮ್ಮ ಮನೆಯ ಖಾಲಿ ಹಗೇವಿನಲ್ಲಿ, ಜೋಳ ತುಂಬುವ ಆ ಗುಂಡಿಯಲ್ಲಿ, ಶೇರವಾನಿ ಸಮೇತ ಕೂತಿದ್ದೆ. ನಮ್ಮವ್ವ ಮೇಲಿನಿಂದ ರೊಟ್ಟಿ ಇಳಿಸುತ್ತಿದ್ದಳು.

ಶಾಂತಿ ಬಂತು. ಕಂಪೌಂಡರನೂ ಬಂದ, ತನ್ನ ಸೈಕಲ್ ಕೇಳಿದ. ಅದರ ಹಿಂದೆಯೇ ಕಾಯಿದೆ ಕಾನೂನುಗಳೂ ಬಂದವು. ಸಿಡುಬಿನ ಟೀಕಾ ಹಾಕುವ ಗಂಡಸರಿಗೆ ಸರ್ಕಾರಿ ಸೈಕಲ್ ಇತ್ತು. ಹೆರಿಗೆ ಮಾಡಿಸುವ ಹೆಂಗಸಿಗೆ ಎತ್ತಿನ ಬಂಡಿ, ಜೊತೆಗೊಬ್ಬ ಗಂಡು ನೌಕರ. ಬಂಡಿ ಹುಡುಕಿ, ಎತ್ತು ಹುಡುಕಿ, ಗಂಡು ನೌಕರನ ಊಟ ಮುಗಿದು ಹೊರಡುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತಿತ್ತು. ಆಕೆ ಸೈಕಲ್ ಬೇಕೆಂದು ನಮ್ಮ ಕಚೇರಿಯ ಸಾಹೇಬರ ಮುಂದೆ ಬಂದು ನಿಂತದ್ದು ಆಗ.

ಸಾಹೇಬರು ಧಾರವಾಡದ ಕಡೆಯಿಂದ ಬಂದ ಡಾಕ್ಟರು. ಕೆಟ್ಟವರಲ್ಲ. ಯಾರಾದರೂ ಏನಾದರೂ ಅಂದಾರೆಂದು ನಿದ್ದೆಯಲ್ಲೂ ಬೆಚ್ಚುವ ಒಳ್ಳೆಯವರು. “ಬಾಯಾರ, ಹೆಂಗಸರಿಗೆ ಸೈಕಲ್ ಕೊಟ್ಟ ರೂಢಿ ಇಲ್ಲ ನೋಡ್ರಿ” ಎಂದರು.

“ಟೀಕಾ ಹಾಕೋ ಗಂಡಸರಿಗೆ ಕೊಟ್ಟೀರಲ್ರಿ?”

“ಅವರು ಊರೂರು ತಿರುಗಬೇಕಲ್ಲ.”

“ಟೀಕಾ ನಾಳಿ ಹಾಕಿದ್ರೂ ನಡೀತದ್ರಿ. ಕೂಸಿಗಿ ನಾಳಿ ಬಾ ಅಂದ್ರ ಕೇಳ್ತದೇನ್ರಿ?”

ಸಾಹೇಬರು ಕನ್ನಡಕ ಒರೆಸಿದರು. “ಅದು ಖರೆ. ಆದ್ರ ಔರಾದ ಅಂದ್ರ ಏನು ಕಮ್ಮಿ ದೂರ ಅದ? ಹೆಂಗಸಿನ ಮೈಯಾಗ ಅಷ್ಟು ದೂರ ತುಳಿಯೋ ತ್ರಾಣ ಎಲ್ಲಿಂದ ಬರಬೇಕ್ರಿ?”

ಕಚೇರಿಯ ಗೋಡೆಗೆ ಆಗ ಒಂದು ದೊಡ್ಡ ಕಾಗದ ಅಂಟಿಸಿತ್ತು. ಸುಗ್ಗಿಯ ಹೊತ್ತಿಗೆ ಬೀದರದಿಂದ ಔರಾದದವರೆಗೆ ಸೈಕಲ್ ಶರ್ಯತ್ತು. ಕಮಿಟಿಯ ಅಧ್ಯಕ್ಷರು ನಮ್ಮ ಸಾಹೇಬರೇ. ಆಕೆ ಅದರ ಮೇಲೆ ಬೆರಳಿಟ್ಟಳು. “ಈ ಶರ್ಯತ್ತಿನಾಗ ನಾನೂ ಬರ್ತೇನಿ. ಔರಾದ ಮುಟ್ಟಿದ್ರ ಸೈಕಲ್ ಕೊಡ್ತೀರೇನ್ರಿ?” ಸಾಹೇಬರು ಇಲ್ಲ ಎನ್ನಲಾರದೆ ಹೂಂ ಎಂದರು. ಆಕೆ ಮುಟ್ಟುವುದಿಲ್ಲ ಎಂಬ ಧೈರ್ಯ ಅವರಿಗಿತ್ತು.

ಕಮಿಟಿಯ ಸಭೆಯಲ್ಲಿ ನಾನೂ ಇದ್ದೆ, ಚಹಾ ಹಂಚಲು. ಒಬ್ಬ ಪೈಲ್ವಾನ ತಾನು ಶರ್ಯತ್ತಿಗೆ ಬರುವುದೇ ಇಲ್ಲವೆಂದ. “ಸೋತರ ಮಾರಿ ಹ್ಯಾಂಗ ತೋರಿಸ್ಲಿ? ಗೆದ್ದರ ಹೆಂಗಸಿನ್ನ ಸೋಲಿಸಿದಾ ಅಂತ ನಗ್ತಾರ” ಎಂಬುದು ಅವನ ಸಂಕಟ. ಅಡತಿ ಅಂಗಡಿಯ ಶೇಟಜಿ ಬೇರೆ ಸಂಶಯ ತೆಗೆದರು. ಆಕೆ ದಾರಿಯಲ್ಲಿ ಸೈಕಲ್ಲನ್ನು ಮೋಟಾರಿನ ಮೇಲೆ ಏರಿಸಿ ಔರಾದದ ಹೊರಗೆ ಇಳಿಸಿಕೊಂಡರೆ ಯಾರು ನೋಡಿದವರು? ಐವತ್ತು ಗಂಡಸರು ಹೊರಟರೂ ಈ ಸಂಶಯ ಯಾರಿಗೂ ಬಂದಿರಲಿಲ್ಲ. ಒಬ್ಬ ಹೆಂಗಸು ಹೊರಟಾಗ ಬಂತು. ಕೊನೆಗೆ ತೀರ್ಮಾನವಾಯಿತು: ಆಕೆಯ ಜೊತೆ ಒಬ್ಬ ಗಂಡಸು ಸಾಕ್ಷಿಯಾಗಿ ಉದ್ದಕ್ಕೂ ಸೈಕಲ್ ಮೇಲೆ ಬರಬೇಕು, ಔರಾದದಲ್ಲಿ ಎಲ್ಲರೆದುರು ಹೇಳಬೇಕು. ಆಗ ಆಕೆಯ ಪ್ರಯಾಣ ಖರೆ ಎಂದು ಲೆಕ್ಕ.

“ನಮ್ಮ ಈ ಹುಡುಗ ಇದ್ದಾನಲ್ಲ, ಗಾಳಿಯಂಗ ಹೋಗ್ತಾನಂತ” ಎಂದು ಸಾಹೇಬರು ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ತಲೆಯಾಡಿಸಿದೆ.

ಶರ್ಯತ್ತಿನ ಮುಂಜಾನೆ ಚಳಿ ಇತ್ತು. ನಾನು ತಲೆಗೆ ಎಣ್ಣೆ ಹಚ್ಚಿ, ಶೇರವಾನಿ ತೊಟ್ಟು, ಪಾಯಜಾಮದ ಕಾಲಿಗೆ ಕ್ಲಿಪ್ ಹಾಕಿಕೊಂಡು ಹೋಗಿದ್ದೆ. ಆಕೆ ಕಂಪೌಂಡರನ ಸೈಕಲ್ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದಳು. ನಡುವೆ ಅಡ್ಡ ಡಂಡಾ ಇರುವ ಗಂಡಸರ ಸೈಕಲ್. ಇದರ ಮೇಲೆ ಸೀರೆ ಉಟ್ಟವಳು ಹೇಗೆ ಏರುತ್ತಾಳೆಂದು ನೋಡಲು ಅರ್ಧ ಬೀದರ ನೆರೆದಿತ್ತು. ಆಕೆ ಕಚ್ಚೆ ಬಿಗಿದು, ಸೀಟಿಗೊಂದು ಏಟು ಹಾಕಿ, ಕಾಲೆತ್ತಿ ಏರಿದಳು. ನೋಡಲು ಬಂದವರಿಗೆ ಬಹಳ ನಿರಾಸೆಯಾಯಿತು.

ಜನವಾಡದವರೆಗೆ ನಾನು ಆಕೆಯ ಪಕ್ಕದಲ್ಲೇ ಇದ್ದೆ. ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಕೈ ಬೀಸುತ್ತ, ಈ ಹೆಂಗಸಿಗಾಗಿ ನಾನು ಮೆಲ್ಲಗೆ ಹೋಗುತ್ತಿದ್ದೇನೆ ಎಂಬಂತೆ ಮುಖ ಮಾಡುತ್ತಿದ್ದೆ. ಜನವಾಡ ದಾಟಿದ ಮೇಲೆ ಮುಖದ ಚಿಂತೆ ಬಿಟ್ಟು ಉಸಿರಿನ ಚಿಂತೆ ಹತ್ತಿತು. ಮಾಂಜ್ರಾ ನದಿಯಲ್ಲಿ ಮೊಣಕಾಲುದ್ದ ನೀರು. ಆಕೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಸರಸರ ಹಾಯ್ದುಹೋದಳು. ನಾನು ಸೈಕಲ್ ಹೆಗಲಿಗೇರಿಸಿದೆ. ಅದು ನನ್ನನ್ನು ನೀರಿಗಿಳಿಸಿತು. ಶೇರವಾನಿ ನೀರು ಕುಡಿದು ನನ್ನಷ್ಟೇ ತೂಕವಾಯಿತು.

ನದಿಯ ಆಚೆ ದಂಡೆಯಿಂದಲೇ ಸೀತನಿಯ ಕಾಲ. ಎಳೆ ಜೋಳದ ತೆನೆ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ತಿಕ್ಕಿ, ಖಾರದ ಹಿಂಡಿ ಹಚ್ಚಿ ಕೊಡುತ್ತಾರೆ. ಹೊಲದವರು ದಾರಿಗೆ ಬಂದು ಕರೆದರೆ ಇಲ್ಲ ಅನ್ನುವುದು ನಮ್ಮ ಕಡೆ ಅಪಮಾನ ಮಾಡಿದಂತೆ. ಹಾಗಾಗಿ ಶರ್ಯತ್ತಿನ ಅರ್ಧ ಗಂಡಸರು ಸೈಕಲ್ ಬದುವಿಗೆ ಮಲಗಿಸಿ ಹೊಲದಲ್ಲಿ ಕೂತಿದ್ದರು. ಬರುವುದಿಲ್ಲವೆಂದು ಹಟ ಹಿಡಿದಿದ್ದ ಪೈಲ್ವಾನನೂ ಅಲ್ಲಿದ್ದ, ಎರಡು ಕೈಯಲ್ಲೂ ತೆನೆ. “ಬರ್ರಿ ನರ್ಸಬಾಯಾರ, ಸೀತನಿ ತಿಂದ ಹೋಗ್ರಿ” ಎಂದು ಹೊಲದವರು ಕೂಗಿದರು. “ಬರೋ ಮುಂದ ತಿಂತೇನ್ರೀ, ಎತ್ತಿಡ್ರಿ” ಎಂದು ಕೂಗಿ ಆಕೆ ತುಳಿದಳು. ನನ್ನನ್ನೂ ಕರೆಯಲಿ ಎಂದು ನಾನು ದೇವರಿಗೆ ಹರಕೆ ಹೊತ್ತೆ. ಕರೆಯುವಷ್ಟರಲ್ಲಿ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡು, ದಾರಿಯ ಪಕ್ಕ ಸೈಕಲ್ ಸಮೇತ ಬಿದ್ದಿದ್ದೆ.

ಆಕೆ ದೂರ ಹೋಗಿಬಿಟ್ಟಿದ್ದಳು. ಬೇಕಿದ್ದರೆ ಹಾಗೇ ಹೋಗಬಹುದಿತ್ತು, ಗೆಲ್ಲುವವರ ಹತ್ತಿರವೂ ಮುಟ್ಟಬಹುದಿತ್ತು. ಆದರೆ ಸಾಕ್ಷಿ ಇಲ್ಲದೆ ಔರಾದ ಮುಟ್ಟಿದರೆ ಮುಟ್ಟಿದ ಹಾಗಲ್ಲ. ತಿರುಗಿ ನೋಡಿದಳು, ನಿಂತಳು, ಮರಳಿ ಬಂದಳು. ನನ್ನ ಕಾಲನ್ನು ಎಳೆದು ತಿಕ್ಕಿದಳು. ನಾನು ಹೆರಿಗೆಯ ಹೆಂಗಸಿನಂತೆ ಕೂಗಿದೆ.

“ಬಾಯಾರ, ನಾ ಇಲ್ಲೇ ಸಾಯ್ತೇನಿ. ನೀವು ಹೋಗ್ರಿ” ಎಂದೆ.

“ಸಾಯಿ, ಬ್ಯಾಡ ಅನ್ನಲ್ಲ. ಆದ್ರ ಔರಾದದಾಗ ಹೋಗಿ ಮಾತಾಡಿ ಸಾಯಿ, ತಮ್ಮಾ” ಎಂದಳು. ನನ್ನ ಸೈಕಲ್ಲನ್ನು ಹೊಲದವರಿಗೆ ಒಪ್ಪಿಸಿ, ನನ್ನನ್ನು ತನ್ನ ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು.

ಸಂತಪುರದ ಏರಿನಲ್ಲಿ ಆಕೆಯ ಬೆನ್ನ ಮೇಲಿನ ಸೀರೆ ಬೆವರಿಗೆ ತೊಯ್ದು ಅಂಟಿಕೊಂಡದ್ದನ್ನು ನೋಡಿದೆ. ಇಳಿಯುತ್ತೇನೆ ಎಂದೆ. ಮಾತಾಡಬೇಡ ಎಂದಳು. ಔರಾದದ ಜನ ಹಾರ ಹಿಡಿದು ನಿಂತಿದ್ದರು. ಭಾಲ್ಕಿಯ ಒಬ್ಬ ಪೊಲೀಸಿನವ ಆಗಲೇ ಮೊದಲಿಗನಾಗಿ ಬಂದು ಹಾರ ಹಾಕಿಸಿಕೊಂಡಿದ್ದ. ಇನ್ನೂ ಕೆಲವರು ಬಂದಿದ್ದರು. ಸೀತನಿ ತಿನ್ನುತ್ತಿದ್ದವರು ಯಾರೂ ಬಂದಿರಲಿಲ್ಲ. ಆಕೆಯ ಸೈಕಲ್ ಗೆರೆ ದಾಟಿತು. ಮೋಟಾರಿನಲ್ಲಿ ಮೊದಲೇ ಬಂದಿದ್ದ ಸಾಹೇಬರು ಎದ್ದು ನಿಂತು, “ಸಾಕ್ಷಿ ಎಲ್ಲಿ?” ಎಂದು ಕೇಳಿದರು.

“ಹಿಂದ ಕುಂತೇನ್ರಿ” ಎಂದೆ.

ಔರಾದ ನಕ್ಕಿತು. ಬೇರೆ ಯಾವ ಶಬ್ದವೂ ಹೊಳೆಯುತ್ತಿಲ್ಲ. ಊರಿಗೆ ಊರೇ ನಕ್ಕಿತು. ನನ್ನನ್ನು ಕೆಳಗಿಳಿಸಲು ಇಬ್ಬರು ಬರಬೇಕಾಯಿತು. ಅಷ್ಟಾದರೂ ಅದಕ್ಕಿಂತ ಗಟ್ಟಿ ಸಾಕ್ಷಿಯನ್ನು ಯಾವ ಕೋರ್ಟಿನಲ್ಲೂ ಯಾರೂ ಹೇಳಿರಲಿಕ್ಕಿಲ್ಲ. ಆಕೆ ಔರಾದದವರೆಗೆ ತುಳಿದಿದ್ದಳು, ಒಬ್ಬ ಗಂಡಸಿನ ಭಾರವನ್ನೂ ಹೊತ್ತು ತುಳಿದಿದ್ದಳು. ಇನ್ನು ಸೈಕಲ್ ಸಿಕ್ಕೇ ಸಿಗುತ್ತದೆ ಎಂದು ನಾನೂ ನಂಬಿದ್ದೆ, ಆಕೆಯೂ ನಂಬಿದ್ದಳು.

ಸಿಕ್ಕಿತು. ಸಾಹೇಬರು ಮಾತಿಗೆ ತಪ್ಪಲಿಲ್ಲ. ಮೇಲಿನವರಿಗೆ ಬರೆದರು. ಮೇಲಿನವರು ಇನ್ನೂ ಮೇಲಿನವರಿಗೆ ಬರೆದರು. ಅಲ್ಲಿ ಕೂತವರು ಇಡೀ ಪ್ರಸಂಗವನ್ನು ಓದಿ ತಮ್ಮದೇ ಒಂದು ಅರ್ಥ ತೆಗೆದರು: ನರ್ಸು ಔರಾದವನ್ನು ಸುರಕ್ಷಿತವಾಗಿ ಮುಟ್ಟಿದ್ದಾಳೆ, ಆಕೆಯ ಜೊತೆ ಒಬ್ಬ ಗಂಡು ನೌಕರ ಇದ್ದ, ಆದ್ದರಿಂದ ಗಂಡು ನೌಕರ ಜೊತೆಗಿದ್ದರೆ ಅಡ್ಡಿಯಿಲ್ಲ. ಹೆಂಗಸಿಗೆ ಸೈಕಲ್ ಕೊಡುವ ನಿಯಮ ಇರಲಿಲ್ಲವಾದ್ದರಿಂದ ಸೈಕಲ್ ಆ ಗಂಡು ನೌಕರನ ಹೆಸರಿಗೆ ಮಂಜೂರಾಯಿತು. ಆ ಗಂಡು ನೌಕರ ನಾನು. ಹುಕುಮು ಕೇಳಿದ ಆಕೆ ನನ್ನ ಹೊಸ ಸೈಕಲ್ಲಿನ ಸೀಟಿಗೆ ಒಂದು ಏಟು ಹಾಕಿ, “ನಡಿ, ಏರು” ಎಂದು ಕ್ಯಾರಿಯರ್ ತೋರಿಸಿದಳು.

ನೀನೇ ಯಾಕೆ ತುಳಿಯಲಿಲ್ಲ ಎಂದು ನೀವು ಕೇಳಬಹುದು. ತುಳಿದಿದ್ದೆ, ಮೊದಲ ದಿನ, ಆಕೆಯನ್ನು ಹಿಂದೆ ಕೂರಿಸಿಕೊಂಡು. ಊರ ಹೊರಗಿನ ಮೊದಲ ಏರಿನಲ್ಲೇ ಆಕೆ ಕೆಳಗಿಳಿದು ಹಿಂದಿನಿಂದ ನೂಕಬೇಕಾಯಿತು. “ಹಿಂಗಾದ್ರ ಕೂಸು ಮೀಸಿ ಬಂದ ಮ್ಯಾಲ ಮುಟ್ತೇವಿ” ಎಂದಳು. ಅಲ್ಲಿಂದ ಮುಂದೆ ಎರಡು ವರ್ಷ ಸರ್ಕಾರಿ ಸೈಕಲ್ ನನ್ನ ಹೆಸರಿನಲ್ಲಿ, ತುಳಿಯುವವಳು ಆಕೆ, ನಾನು ಕ್ಯಾರಿಯರ್ ಮೇಲೆ, ಆಕೆಯ ಚೀಲ ಹ್ಯಾಂಡಲ್ಲಿನ ಮೇಲೆ.

ಆಕೆ ನನ್ನನ್ನು ಸರ್ಕಾರ ಎಂದು ಕರೆಯತೊಡಗಿದಳು. ಏರು ಬಂದರೆ, “ಸರ್ಕಾರ ಇಳೀಲಿ.” ಇಳಿಜಾರು ಬಂದರೆ, “ಸರ್ಕಾರ ಗಟ್ಟ್ಯಾಗಿ ಹಿಡಕೋಲಿ.” ನನ್ನ ಹೊಟ್ಟೆ ಬೆಳೆಯುತ್ತಿದ್ದುದು ಆಕೆಗೆ ನನಗಿಂತ ಮೊದಲು ತಿಳಿಯುತ್ತಿತ್ತು. “ಹಬ್ಬದಾಗ ಭಾಲ್ಕಿಗಿ ಹೋಗಿದ್ದಿ ಹೌದಲ್ಲ? ಹೋಳಿಗಿ ತೂಕ ಗೊತ್ತಾಗ್ಲಿಕ್ಕತ್ತದ.” ಹಳ್ಳಿಗಳಲ್ಲಿ ನನಗೆ ಗಂಟು ಎಂದು ಹೆಸರು ಬಿತ್ತು. ನರ್ಸಬಾಯಿ ಬಂದಳು, ಗಂಟೂ ಬಂತು ಎನ್ನುವರು. ಆಕೆ ಒಳಗೆ ಹೋದ ಮೇಲೆ ಮನೆಯ ಗಂಡಸರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಸೇಂಗಾ ಕೊಡುತ್ತಿದ್ದರು. ರಕ್ಷಣೆಯ ಕೆಲಸವೆಂದರೆ ಅಷ್ಟೇ, ಸೇಂಗಾ ತಿನ್ನುವುದು. ಭಾಲ್ಕಿಯಲ್ಲಿ ನನ್ನ ಮದುವೆಯ ಮಾತು ನಡೆದಾಗ ಹುಡುಗಿಯ ಸೋದರಮಾವ, “ಹುಡುಗ ಏನ್ ಕೆಲಸ ಮಾಡ್ತಾನ್ರಿ?” ಎಂದು ಕೇಳಿದ. “ಸರ್ಕಾರಿ ಸೈಕಲ್ ಅದ ಅವನ ಹೆಸರಿಲಿ” ಎಂದು ನಮ್ಮವ್ವ ಹೆಮ್ಮೆಯಿಂದ ಹೇಳಿದಳು. “ಹೌದ್ರಿ, ಅದು ಗೊತ್ತದ. ಕೂಡೋದು ಎಲ್ಲಿ ಅಂತ ಕೇಳ್ದೆ” ಎಂದ. ಆ ಸಂಬಂಧ ಮುರಿಯಿತು.

ನಗುವುದೆಲ್ಲ ಹೋಗುವಾಗ. ಬರುವಾಗ ಕೆಲವು ಸಲ ಇಬ್ಬರೂ ಮಾತಾಡುತ್ತಿರಲಿಲ್ಲ. ಎಲ್ಲ ಹೆರಿಗೆಯೂ ಸುಸೂತ್ರ ಆಗುವುದಿಲ್ಲವಲ್ಲ. ಒಳಗಿನಿಂದ ಅಳುವ ದನಿ ಬೇರೆ ಥರ ಕೇಳಿಬಂದ ಮನೆಗಳಲ್ಲಿ ಗಂಡಸರು ನನಗೆ ಸೇಂಗಾ ಕೊಡುವುದು ನಿಲ್ಲಿಸಿ ಎದ್ದುಹೋಗುತ್ತಿದ್ದರು. ಆಕೆ ಹೊರಬಂದು, ಕೈ ತೊಳೆದು, ಸೀಟಿಗೆ ಏಟು ಹಾಕದೆ ಸುಮ್ಮನೆ ಏರುತ್ತಿದ್ದಳು. ದೇವರು ಬರೆದದ್ದು ಎಂದು ನಾನು ಹಿಂದಿನಿಂದ ಸಮಾಧಾನ ಹೇಳುತ್ತಿದ್ದೆ. ಆಕೆ ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಒಂದು ಮಳೆಗಾಲ. ಸಂತಪುರದ ಆಚೆಯ ಕುರುಬರ ವಸ್ತಿಯೊಂದರಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಹಿಂದಿನ ದಿನದಿಂದ ನೋವು. ಡಾಂಬರು ದಾರಿ ಬಿಟ್ಟು ಹೊಲದ ದಾರಿಗೆ ಇಳಿಯುತ್ತಲೇ ಎರೆಮಣ್ಣು ಗಾಲಿಗೆ ಮೆತ್ತಿಕೊಂಡಿತು. ಆಕೆ ತುಳಿದಳು, ಗಾಲಿ ತಿರುಗಲಿಲ್ಲ. ಇಬ್ಬರೂ ಇಳಿದು ಕಡ್ಡಿಯಿಂದ ಮಣ್ಣು ಕೆತ್ತಿದೆವು. ಮತ್ತೆ ಏರಿದೆವು, ಮತ್ತೆ ನಿಂತಿತು.

“ಸರ್ಕಾರ ಇಲ್ಲೇ ಇರಲಿ” ಎಂದಳು ಆಕೆ.

“ಬಾಯಾರ, ಹುಕುಮು ಅದ. ನಾ ಬಿಟ್ಟ ಹೋಗಬಾರದ್ರಿ.”

“ಹುಕುಮು ಆ ಹೆಣ್ಮಗಳ ಹೊಟ್ಟ್ಯಾಗಿನ ಕೂಸಿಗಿ ಓದಿ ಹೇಳು, ಹೋಗು” ಎಂದು ಹೇಳಿ, ಬದುವಿನ ಹುಲ್ಲಿನ ಮೇಲೆ ಸೈಕಲ್ ಹಾಯಿಸಿ ಹೊರಟೇಬಿಟ್ಟಳು. ನಾನಿಲ್ಲದ ಸೈಕಲ್ ಅಷ್ಟು ಜೋರಾಗಿ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬೇವಿನ ಗಿಡದ ಕೆಳಗೆ ಕೂತು ಕಿಸೆಯಲ್ಲಿದ್ದ ಸೇಂಗಾ ತೆಗೆದೆ.

ನನ್ನ ಗ್ರಹಚಾರ, ಅದೇ ದಿನ ಸಾಹೇಬರ ಜೀಪು ಔರಾದದ ತಪಾಸಣೆಯ ದೌರೆಗೆ ಆ ದಾರಿಯಲ್ಲೇ ಬಂತು. “ನೀ ಇಲ್ಲಿದ್ದೀ. ನರ್ಸು ಎಲ್ಲಿ?” ಎಂದು ಕೇಳಿದರು. ನಾನು ಹೊಲದ ಕಡೆ ಕೈ ತೋರಿಸಿದೆ. ಕೈಯಲ್ಲಿ ಸೇಂಗಾ ಸಿಪ್ಪೆ ಇತ್ತು. ಸಾಹೇಬರ ಮುಖ ಬಿಳಿಚಿತು. ಒಬ್ಬಂಟಿ ಹೆಂಗಸು, ಅಡವಿ ದಾರಿ, ಮೇಲಿನವರ ಹುಕುಮು. ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಗಾಡಿಯನ್ನು ಹೊಲದ ದಾರಿಗೆ ಇಳಿಸಿದರು. ಜೀಪು ಎರೆಮಣ್ಣಿನಲ್ಲಿ ಹೂತು ಕೂತಿತು. ಸಾಹೇಬರು ಬೂಟು ಕೈಯಲ್ಲಿ ಹಿಡಿದು ಮುಂದೆ, ನಾನು ಹಿಂದೆ, ಜಾರುತ್ತ ಬೀಳುತ್ತ ನಡೆದೆವು. ವಸ್ತಿ ಮುಟ್ಟುವಾಗ ಮಳೆ ನಿಂತಿತ್ತು. ಆಕೆ ಗುಡಿಸಲಿನ ಮುಂದೆ ಕೂತು ಕೈ ತೊಳೆಯುತ್ತಿದ್ದಳು. ಒಳಗೆ ಕೂಸು ಅಳುತ್ತಿತ್ತು.

“ಹೆಣ್ಣು, ಸಾಹೇಬ್ರ. ತಾಯಿನೂ ಚಂದ ಇದ್ದಾಳ” ಎಂದಳು.

ಸಾಹೇಬರಿಗೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟನ್ನೇ ಆರಿಸಿಕೊಂಡರು. “ಒಬ್ಬಾಕಿನೇ ಯಾಕ ಬಂದ್ರಿ? ದಾರ್ಯಾಗ ಏನರೆ ಆಗಿದ್ರ? ನಾಳೆ ನನಗ ಕೇಳ್ತಾರ. ಹುಕುಮು ಮುರದ್ರ ಸೈಕಲ್ ವಾಪಸ್ ತಗೋಬೇಕಾಗ್ತದ, ಬಾಯಾರ. ಮತ್ತ ಬಂಡಿನೇ ನಿಮಗ.”

ಆಕೆ ಎದ್ದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು. “ಏನಾಗ್ತಿತ್ತು ಅಂತ ಬಾಯಿ ಬಿಟ್ಟು ಹೇಳ್ರಿ, ಸಾಹೇಬ್ರ. ಇದೇ ದಾರ್ಯಾಗ, ಹೊಲದ ತುಂಬ ಮಂದಿ ಅಡಗಿ ಕುಂತಾಗ, ನಾ ಒಬ್ಬಾಕಿನೇ ಬಂದೇನಿ. ಆಗ ಹುಕುಮು ಇರಲಿಲ್ಲ, ಜೀಪು ಇರಲಿಲ್ಲ, ಕಾಯೋ ಗಂಡಸರೂ ಇರಲಿಲ್ಲ. ಗದ್ದಲದಾಗ ಬ್ಯಾಡಾದ ಕಾವಲು ಶಾಂತಿ ಬಂದ ಮ್ಯಾಲ ಯಾಕ ಬೇಕಾತ್ರಿ? ಈಗ ಇವನ್ನ ಹೊತ್ತು ಬಂದಿದ್ರ ನಾ ಸಂಜಿಗಿ ಮುಟ್ತಿದ್ದೆ. ಆಗ ನೀವು ಯಾರ ಮಾರಿ ನೋಡ್ತಿದ್ರಿ?” ಸೈಕಲ್ ಹೋದರೆ ಆಕೆಗೆ ಏನು ಹೋದಂತೆ ಎಂಬುದು ನನಗೂ ಆಗಲೇ ಪೂರ್ತಿ ತಿಳಿದದ್ದು.

ಸಾಹೇಬರು ನನ್ನ ಕಡೆ ತಿರುಗಿದರು. “ಎರಡು ವರ್ಷ ನೀ ಜೊತಿಗಿದ್ದೀ. ನೀನೇ ಹೇಳು. ಒಬ್ಬಾಕಿನೇ ಹೋಗಬಹುದೇನು?”

ನನ್ನ ಜೀವನದಲ್ಲಿ ನಾನು ಯೋಚಿಸದೆ ಆಡಿದ ಒಂದೇ ಒಳ್ಳೆಯ ಮಾತು ಆಗ ಹೊರಬಂತು. “ಸಾಹೇಬ್ರ, ನಾ ಜೊತಿಗಿದ್ದಾಗೂ ಬಾಯಾರು ಒಬ್ಬಾಕಿನೇ ಹೋಗ್ತಿದ್ರು.”

ಸಾಹೇಬರು ಕೈಯಲ್ಲಿದ್ದ ತಮ್ಮ ಬೂಟಿನ ಕೆಸರು ಕೆರೆಯತೊಡಗಿದರು. ಒಳಗಿನಿಂದ ಮುದುಕಿಯೊಬ್ಬಳು ಬಂದು ಕೂಸನ್ನು ಅವರ ಕೈಗೆ ಕೊಟ್ಟಳು. ಬೂಟನ್ನು ಕೆಳಗಿಟ್ಟು ಎತ್ತಿಕೊಂಡರು. ಮರುವಾರ ಅವರು ಸ್ವಂತ ಜವಾಬ್ದಾರಿಯ ಮೇಲೆ ಒಂದು ಹುಕುಮು ಹೊರಡಿಸಿದರು. ಸೈಕಲ್ ಆಕೆಯ ಹೆಸರಿಗಾಯಿತು, ಜೊತೆಗೆ ಯಾರೂ ಬೇಡವೆಂದಾಯಿತು. ನಿದ್ದೆಯಲ್ಲಿ ಬೆಚ್ಚುವ ಮನುಷ್ಯ ಅಷ್ಟು ಮಾಡಿದ್ದು ದೊಡ್ಡ ಮಾತೇ.

ಆಕೆ ಒಬ್ಬಳೇ ಹೊರಟ ಮೊದಲ ದಿನ ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಮುಖದಲ್ಲಿ ನಗು ಇತ್ತು, ಒಳಗೆ ಸ್ವಲ್ಪ ಮತ್ಸರವೂ ಇತ್ತು ಎಂದರೆ ಸುಳ್ಳಲ್ಲ. ಆಕೆ ಆಸ್ಪತ್ರೆಯ ಒಳಗಿನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಹೊತ್ತು ತಂದು ಕ್ಯಾರಿಯರ್ ಮೇಲಿಟ್ಟಳು. ಹಗ್ಗ ಸುತ್ತತೊಡಗಿದಳು. ನಾನು ಇಳಿದುಹೋಗಿ ಹಗ್ಗದ ಒಂದು ತುದಿ ಹಿಡಿದೆ.

“ಇದ್ರಾಗ ಏನದರಿ?”

“ರಕ್ತ ನಿಲ್ಲಸೋ ಇಂಜೆಕ್ಷನ್ ಅವ. ಗ್ಲುಕೋಸಿನ ಬಾಟ್ಲಿ, ಅದರ ನಳಿಗಿ. ಕೂಸು ಸಿಕ್ಕೊಂಡ್ರ ಬೇಕಾಗೋ ಚಿಮಟಿ. ಕುದಿಸಿದ ಬಟ್ಟಿ.”

“ಇಷ್ಟು ದಿನ ಯಾಕ ಒಯ್ಯಲಿಲ್ರಿ?” ಎಂದು ಕೇಳಿದೆ. ಆ ಪ್ರಶ್ನೆ ಕೇಳುವಾಗಲೂ ನನಗೆ ಏನೂ ಹೊಳೆದಿರಲಿಲ್ಲ.

ಆಕೆ ಗಂಟು ಬಿಗಿಯುತ್ತಿದ್ದಳು, ತಲೆ ಎತ್ತಲಿಲ್ಲ. ಸಿಟ್ಟಿನಿಂದಲೂ ಅಲ್ಲ, ಚೇಷ್ಟೆಗೂ ಅಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು.

“ಇಡ್ಲಿಕ್ಕ ಜಾಗ ಎಲ್ಲಿತ್ತು, ತಮ್ಮಾ?”